ಉಗಿಬಂಡಿಯ ಕೂಗು ಕೇಳಲು ಹೋದದ್ದು

ನಮ್ಮ ಮನೆಯಲ್ಲಿ ನನಗೆ ಮೈಯೆಲ್ಲ ಉರಿಸುವ ಮಾತು ಒಂದಿದೆ: "ಏನೂ ಇಲ್ಲ ಬುಡಿ." ಕಿವಿ ಮಂದವಾದವರಿಗೆ ಮಾತ್ರ ಇದರ ಉರಿ ಗೊತ್ತು. ನಾಲ್ಕು ಜನ ಕೂತು ನಗುತ್ತಿರುತ್ತಾರೆ. ನಾವು "ಏನಂತೆ?" ಅನ್ನುತ್ತೇವೆ. ಒಂದು ಸಲ ಹೇಳುತ್ತಾರೆ, ನಮಗೆ ಕೇಳುವುದಿಲ್ಲ. ಇನ್ನೊಂದು ಸಲ "ಏನಂತೆ?" ಅಂದರೆ ಕೈ ಅಲ್ಲಾಡಿಸಿ "ಏನೂ ಇಲ್ಲ ಬುಡಿ" ಅಂದುಬಿಡುತ್ತಾರೆ. ಏನೂ ಇಲ್ಲದ್ದಕ್ಕೆ ಯಾರಾದರೂ ಅಷ್ಟು ನಗುತ್ತಾರೆಯೇ?

ಈ ಮಾತನ್ನು ನನಗೆ ಅತಿ ಹೆಚ್ಚು ಸಲ ಹೇಳಿದವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಮೈಸೂರಿನ ಹಿನಕಲ್‌ನಲ್ಲಿ ನಮ್ಮದು ಒಂದೇ ಮನೆ. ಕೆಳಗೆ ನಾವು, ಮೇಲೆ ಅವರು, ಅಡುಗೆ ಮಾತ್ರ ಒಟ್ಟಿಗೆ. ಅವಳ ದನಿ ಮೊದಲಿಂದಲೂ ಸಣ್ಣದು. ನಾವಿಬ್ಬರೂ ಸೊಸೆಯರಾಗಿ ಬಂದ ಹೊಸದರಲ್ಲಿ ಅತ್ತೆ ಇಬ್ಬರಿಗೂ ಒಂದೇ ಪಾಠ ಹೇಳಿದ್ದರು: "ಸೊಸೆ ದನಿ ಹೊಸ್ಲು ದಾಟ್ಬಾರ್ದು ಕಣ್ರವ್ವಾ." ನಾನು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಆಗ ಎರಡು ಕಿವಿಯೂ ಚೆನ್ನಾಗಿದ್ದವು. ಅವಳು ಸೆರಗಿಗೆ ಗಂಟು ಹಾಕಿಕೊಂಡಳು. ಅತ್ತೆ ತೀರಿಹೋಗಿ ಎಷ್ಟೋ ಕಾಲವಾಯಿತು, ಇವಳಿಗೇ ಸೊಸೆ ಬಂದಾಯಿತು, ದನಿ ಮಾತ್ರ ಇನ್ನೂ ಹೊಸ್ತಿಲ ಒಳಗೇ ಇದೆ. ಕಿವಿ ಕೇಳದವರ ಹತ್ತಿರ ಸ್ವಲ್ಪ ಗಟ್ಟಿಯಾಗಿ ಮಾತಾಡೇ ಅಂದರೆ, ಹಿರಿಯರ ಮೇಲೆ ದನಿ ಎತ್ತುವುದು ಹೇಗೆ ಎಂದು ಇನ್ನೂ ಸಣ್ಣಗೆ ಹೇಳುತ್ತಾಳೆ. ದಿನವೆಲ್ಲ ನಾನು ಇರುವುದು ಅವಳ ಜೊತೆ. ನನಗೆ ಎಲ್ಲರಿಗಿಂತ ಕಡಿಮೆ ಕೇಳುವುದೂ ಅವಳದೇ ಮಾತು.

ನನ್ನ ಕಿವಿ ಇಳಿಯತೊಡಗಿದಾಗ ಮೊದಲು ಹೋದದ್ದು ಕುಕ್ಕರಿನ ಕೂಗು. ಬೇಳೆ ತಳ ಹಿಡಿದು, ಸೀದ ವಾಸನೆ ಮೂಗಿಗೆ ಬಡಿದ ಮೇಲೆ ನಾನು ಎದ್ದು ಹೋಗುವುದು. ಕುಕ್ಕರ್ ಕೆಟ್ಟಿದೆ ಎಂದು ಹಠ ಹಿಡಿದು ಹೊಸದು ತರಿಸಿದೆ. ಅದೂ ಕೂಗಲಿಲ್ಲ. ಕೊನೆಗೆ ಮನೆಯವರು ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚೂಪು ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದುಗಳು ಕೊನೆಗೆ ಎಂದು ಡಾಕ್ಟರು ವಿವರಿಸಿದರು. ಗುಬ್ಬಚ್ಚಿ, ಕಾಲುಗೆಜ್ಜೆ, ಕುಕ್ಕರು, ಮೆಲುದನಿಯ ಹೆಂಗಸರು, ಎಲ್ಲ ಆ ಚೂಪಿನ ಲೆಕ್ಕಕ್ಕೇ ಸೇರಿದವಂತೆ. ಕಿವಿಗೆ ಮಿಷನ್ ಹಾಕಿಕೊಂಡರೆ ಸದ್ಯಕ್ಕೆ ನಡೆಯುತ್ತದೆ, ಮುಂದಿನದು ಹೇಳಲಾಗದು ಎಂದರು.

"ಡಾಕ್ಟ್ರೇ, ಉಗಿಬಂಡಿ ಕೂಗೋದು ಕೇಳ್ತದಾ?" ಎಂದೆ.

ಅವರು ನನ್ನ ಮನೆಯವರ ಮುಖ ನೋಡಿದರು. ಕಿವಿಯ ಜೊತೆಗೆ ತಲೆಯದ್ದೂ ಏನಾದರೂ ಇದೆಯೋ ಎಂಬಂತಿತ್ತು ಆ ನೋಟ. "ಮಿಷನ್ ಇದ್ರೆ ಈಗ ಕೇಳ್ಬಹುದು ಅಮ್ಮ. ಕೇಳ್ಬೇಕು ಅಂತಿದ್ರೆ ತಡ ಮಾಡ್ಬೇಡಿ" ಎಂದರು. ಅವರು ತಮಾಷೆಗೆ ಅಂದರೋ ಏನೋ. ನಾನು ಅಲ್ಲೇ, ಆ ಕುರ್ಚಿಯ ಮೇಲೇ ನಿಶ್ಚಯ ಮಾಡಿಬಿಟ್ಟೆ.

ನನ್ನ ತವರು ಕಡಕೊಳ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ರೈಲುಕಂಬಿ ನಮ್ಮ ಹೊಲದ ಬದುವಿನ ಪಕ್ಕದಲ್ಲೇ ಇತ್ತು. ಆಗ ಓಡುತ್ತಿದ್ದದ್ದು ಕಲ್ಲಿದ್ದಲಿನ ಉಗಿಬಂಡಿ. ನಮ್ಮವ್ವನಿಗೆ ಗಡಿಯಾರ ಬೇಕಿರಲಿಲ್ಲ. ಬೆಳಗಿನ ಬಂಡಿ ಕೂಗಿದರೆ ಒಲೆಯ ಮೇಲೆ ಎಸರು, ಸಂಜೆಯದು ಕೂಗಿದರೆ ದೇವರಿಗೆ ದೀಪ. ನಾವು ಮಕ್ಕಳು ಬದುವಿನ ಮೇಲೆ ನಿಂತು ಬಂಡಿ ಏನು ಮಾತಾಡುತ್ತದೆ ಎಂದು ಕೇಳುತ್ತಿದ್ದೆವು. ಸ್ಟೇಷನ್ ಬಿಡುವಾಗ ನಿಧಾನಕ್ಕೆ "ಅಕ್ಕಿ... ಬೇಳೆ... ಅಕ್ಕಿ... ಬೇಳೆ..." ಅನ್ನುತ್ತಿತ್ತು. ವೇಗ ಹಿಡಿದ ಮೇಲೆ ಒಂದೇ ಉಸಿರಿಗೆ "ಅಕ್ಕಿಬೇಳೆ ಅಕ್ಕಿಬೇಳೆ ಅಕ್ಕಿಬೇಳೆ." ಆಮೇಲೆ ಗೇಟಿನ ಹತ್ತಿರ ಒಂದು ಉದ್ದನೆಯ ಕೂಗು. ಆ ಕೂಗಿಗೆ ನನ್ನ ಹೊಟ್ಟೆಯೊಳಗೆ ಏನೋ ಎದ್ದು ನಿಲ್ಲುತ್ತಿತ್ತು. ಈಗಲೂ ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಕಿವಿ ಹೋಗುವುದೇ ಆದರೆ ಹೋಗಲಿ, ಅದಕ್ಕೆ ಮುಂಚೆ ಆ ಕೂಗನ್ನು ಇನ್ನೊಂದು ಸಲ ಕೇಳಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು.

ಮೊದಲು ಮೈಸೂರಿನ ರೈಲು ಮ್ಯೂಸಿಯಮ್ಮಿಗೇ ಹೋದೆ. ಹಳೆಯ ಎಂಜಿನ್ನುಗಳು ಹೊಸ ಬಣ್ಣ ಬಳಿಸಿಕೊಂಡು ಸಾಲಾಗಿ ನಿಂತಿದ್ದವು. ಒಂದರ ಹೊಟ್ಟೆಯ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಮನೆಗೆ ಬಂದಾಗ ನಮ್ಮ ಮನೆಯವರು ಮೊಬೈಲಿನಲ್ಲಿ ಯಾವುದೋ ದೇಶದ ಉಗಿಬಂಡಿ ಹಾಕಿ ನನ್ನ ಕಿವಿಗೆ ಹಿಡಿದರು. "ಹಸಿವು ಅಂದ್ರೆ ಊಟದ ಫೋಟೋ ತೋರಿಸ್ತೀರಲ್ಲಾ ನೀವು" ಎಂದೆ. ಪಾಪ, ಅವರೇ ಆಮೇಲೆ ಹುಡುಕಿ ಹೇಳಿದರು, ನೀಲಗಿರಿ ಬೆಟ್ಟದ ಬುಡದ ಮೇಟ್ಟುಪಾಳ್ಯದಿಂದ ಕೂನೂರಿನವರೆಗೆ ಈಗಲೂ ಉಗಿ ಎಂಜಿನ್ನೇ ರೈಲು ಹತ್ತಿಸುತ್ತದೆ, ಅಲ್ಲಿಂದ ಊಟಿಗೆ ಡೀಸೆಲ್ ಎಂದು. ಜೊತೆಗೆ ಬನ್ನಿ ಅಂದರೆ ಮಾತ್ರ ಚಳಿ ಅಂದರು, ಮಂಡಿ ಅಂದರು. ಓರಗಿತ್ತಿ ಬಾಗಿಲ ಹತ್ತಿರ ನಿಂತು ಏನೋ ಅಂದಳು.

"ಏನು?"

"ಏನೂ ಇಲ್ಲ ಬುಡಿ ಅಕ್ಕ."

"ನಾನು ಬರ್ತೀನಿ ಅಂತಾವ್ಳೆ ಕಣೇ" ಎಂದು ಮನೆಯವರು ಕೂಗಿ ಹೇಳಿದರು.

ಆ ರೈಲಿಗೆ ಸೀಟು ಸಿಗುವುದು ಸುಲಭವಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಒಂದು ಬುಧವಾರಕ್ಕೆ ಎರಡು ಸೀಟು ಸಿಕ್ಕವು. ಅಂದರೆ ನಾವು ಮನೆ ಬಿಡಬೇಕಾದದ್ದು ಮಂಗಳವಾರ. ಓರಗಿತ್ತಿ ತಲೆಯ ಮೇಲೆ ಕೈ ಹೊತ್ತಳು. ಮಂಗಳವಾರ ಹೊರಟರೆ ಹೋದ ಕೆಲಸ ಕೈಗೂಡುವುದಿಲ್ಲವಂತೆ. ಅದಕ್ಕೆ ಉಪಾಯವೂ ಅವಳ ಹತ್ತಿರವೇ ಇತ್ತು. ಪರಸ್ಥಾನ ಇಡುವುದು. ಸೋಮವಾರವೇ ಒಳ್ಳೆಯ ಗಳಿಗೆ ನೋಡಿ ನಮ್ಮದೊಂದು ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ನಾವು ಆಗಲೇ ಹೊರಟ ಲೆಕ್ಕ. ಮರುದಿನ ಹೋಗುವಾಗ ಅದನ್ನು ಎತ್ತಿಕೊಂಡು ಹೋಗಬೇಕು, ತಂಗುವ ಜಾಗ ತಲುಪುವವರೆಗೆ ಬಿಚ್ಚಬಾರದು. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಇಟ್ಟುಕೋ ಹೋಗು ಅಂದೆ. ಅವಳು ಅಷ್ಟಕ್ಕೆ ಬಿಡಲಿಲ್ಲ.

"ಮೈಮೇಲೆ ಹಾಕ್ಕೊಳೋದು ಏನಾದ್ರೂ ಕೊಡಿ ಅಕ್ಕ. ಬಳೆನೋ, ಸೀರೆನೋ. ಸುಮ್ನೆ ಯಾವ್ದೋ ಒಂದು ಇಟ್ರೆ ನಡೆಯಲ್ಲ" ಎಂದಳು. ಮೂರು ಸಲ ಹೇಳಿಸಿಕೊಂಡ ಮೇಲೆ ನನಗೆ ಇಷ್ಟು ಕೇಳಿತು. ಮೂರನೆಯ ಸಲಕ್ಕೆ ನನಗೆ ಸಿಟ್ಟು ಬಂತು. ಕಿವಿಯಿಂದ ಮಿಷನ್ ಕಿತ್ತು, ಅದರ ಡಬ್ಬಿಗೆ ಹಾಕಿ, "ತಗೋ, ಇದೇ ನಾನು ಮೈಮೇಲೆ ಹಾಕ್ಕೊಳೋದು. ನಾಳೆ ಬಸ್ಸಲ್ಲಿ ಹೆಂಗೂ ಹಾಕ್ಕೊಳಕ್ಕಾಗಲ್ಲ, ತಲೆ ಚಿಟ್ಟು ಹಿಡಿಯುತ್ತೆ. ರೈಲಿಗೆ ಸಿಕ್ಕಿದ್ರೆ ಸಾಕು" ಎಂದು ಕೊಟ್ಟೆ. ಅವಳು ಅದನ್ನು ಮದುವೆಮನೆಯ ತಾಂಬೂಲದ ಹಳದಿ ಚೀಲಕ್ಕೆ ಹಾಕಿ, ಅರಿಶಿನ ಕುಂಕುಮ ಇಟ್ಟು, ಎದುರು ಮನೆಯಾಕೆಗೆ ಕೊಟ್ಟುಬಂದಳು.

ಮಂಗಳವಾರ ಬೆಳಿಗ್ಗೆ ಆಟೋ ಬಂದು ನಿಂತಿತು. ಓರಗಿತ್ತಿ ಎದುರು ಮನೆಗೆ ಓಡಿದಳು. ಎದುರು ಮನೆಯಾಕೆ ಸ್ನಾನಕ್ಕೆ ಹೋಗಿದ್ದರು. ಒಳಗಿಂದಲೇ "ಮೊಳೆಗೆ ನೇತಾಕಿವ್ನಿ, ತಗೊಂಡೋಗಿ" ಅಂದರಂತೆ. ಹಜಾರದ ಮೊಳೆಯಲ್ಲಿ ಹಳದಿ ಚೀಲ ತೂಗುತ್ತಿತ್ತು. ಇವಳು ಎತ್ತಿಕೊಂಡು ಬಂದಳು. ಗುಂಡ್ಲುಪೇಟೆಯಲ್ಲಿ ತಿಂಡಿ ತಿಂದೆವು, ಬಂಡೀಪುರದಲ್ಲಿ ಜಿಂಕೆ ನೋಡಿದೆವು, ಊಟಿಯಲ್ಲಿ ಬಸ್ಸು ಬದಲಿಸಿ ಘಾಟಿ ಇಳಿದು ಮೇಟ್ಟುಪಾಳ್ಯ ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಅಷ್ಟು ದೂರವೂ ಅವಳು ಆ ಚೀಲವನ್ನು ಮಗುವಿನ ಹಾಗೆ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಲಾಡ್ಜಿನ ಮಂಚದ ಮೇಲೆ ಕೂತು ಚೀಲ ಬಿಚ್ಚಿದಳು. ಒಳಗೆ ಹತ್ತಿ ಇತ್ತು. ಒಂದು ರಾಶಿ ಬಿಡಿಸಿದ ಹತ್ತಿ, ಅರ್ಧ ಹೊಸೆದ ಹೂಬತ್ತಿ. ಎದುರು ಮನೆಯವರೂ ನಾವು ಹೋದ ಮದುವೆಗೇ ಹೋಗಿದ್ದರಲ್ಲ, ಅವರಿಗೂ ಅದೇ ಹಳದಿ ಚೀಲವೇ ಕೊಟ್ಟಿದ್ದರು. ನಮ್ಮ ಚೀಲ ದೇವರಮನೆಯ ಮೊಳೆಯಲ್ಲಿತ್ತು. ಹಜಾರದ ಮೊಳೆಯಲ್ಲಿದ್ದದ್ದು ಆಕೆಯ ಬತ್ತಿ ಹೊಸೆಯುವ ಚೀಲ. ಮೈಸೂರಿನ ಯಾವ ಮನೆಗೆ ಹೋದರೂ ಇಂಥ ಹತ್ತು ಚೀಲ ತೂಗುತ್ತಿರುತ್ತವೆ, ಯಾವುದು ಯಾರದ್ದೆಂದು ಆ ವಧೂವರರಿಗೂ ಗೊತ್ತಾಗದು.

ನನಗೆ ಮೊದಲು ಬಂದದ್ದು ನಗು. ಕಿವಿಗೆ ಮಿಷನ್ ಬೇಕು ಅಂದವಳಿಗೆ ದೇವರು ಹತ್ತಿ ಕಳಿಸಿದ್ದ. ಅವಳಿಗೆ ಬಂದದ್ದು ಅಳು. ಮೈಸೂರಿಗೆ ಫೋನ್ ಮಾಡಿದಳು. ಅವರು ಏನೋ ಹೇಳಿದರು, ಅವಳು ನನಗೆ ಏನೋ ಹೇಳಿದಳು, ನನಗೆ ಯಾವುದೂ ಕೇಳಲಿಲ್ಲ. ಕೊನೆಗೆ ಅವಳು ಕೈಸನ್ನೆಯಲ್ಲಿ ತೋರಿಸಿದಳು: ಮಿಷನ್ ಅಲ್ಲಿ ಕ್ಷೇಮವಾಗಿದೆ, ಬೆಳಗಿನ ರೈಲಿಗೆ ಮುಂಚೆ ಇಲ್ಲಿಗೆ ಬರುವುದು ಸಾಧ್ಯವಿಲ್ಲ, ವಾಪಸ್ ಹೋಗಿಬಿಡೋಣ. ನನ್ನ ಕಾಲು ಹಿಡಿಯುವುದೊಂದು ಬಾಕಿ. ತುಟಿ ನೋಡಿದರೆ "ನಂದೇ ತಪ್ಪು, ನಂದೇ ತಪ್ಪು" ಅನ್ನುತ್ತಿದ್ದಳು.

ನನಗೂ ಹೆದರಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಮಿಷನ್ ಇಲ್ಲದೆ ಆ ಕೂಗು ಕೇಳುತ್ತದೆಂದು ಡಾಕ್ಟರು ಹೇಳಿರಲಿಲ್ಲ. ಈಗ ಹಿಂದೆ ಹೋದರೆ ಮತ್ತೆ ಸೀಟು ಸಿಗುವ ಹೊತ್ತಿಗೆ ಕಿವಿ ಎಷ್ಟು ಉಳಿದಿರುತ್ತದೋ ಯಾರಿಗೆ ಗೊತ್ತು. ಎಂಜಿನ್ನಿನ ಪಕ್ಕದಲ್ಲೇ ನಿಂತರೆ ಬರಿಗಿವಿಗೂ ಕೇಳಲೇಬೇಕು, ಅದೇನು ಗುಬ್ಬಚ್ಚಿಯೇ ಎಂದು ಲೆಕ್ಕ ಹಾಕಿದೆ.

"ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ನಾಳೆ ಹತ್ತೋದೇ. ಮುಖ ತೊಳ್ಕೊ, ಇಡ್ಲಿ ತಿನ್ನೋಣ ನಡಿ" ಎಂದೆ.

ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ನೀಲಿ ಬಣ್ಣದ ಪುಟ್ಟ ಪುಟ್ಟ ಬೋಗಿಗಳು ನಿಂತಿದ್ದವು. ಎಂಜಿನ್ ಮುಂದೆ ಇರಲಿಲ್ಲ. ಈ ಬೆಟ್ಟದಲ್ಲಿ ಎಂಜಿನ್ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ನಮಗೆ ಸಿಕ್ಕ ಸೀಟು ಎಲ್ಲಕ್ಕಿಂತ ಮುಂದಿನ ಬೋಗಿಯಲ್ಲಿ. ಬೇರೆಯವರೆಲ್ಲ ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಂಡರು, ಬೆಟ್ಟವೆಲ್ಲ ಕಣ್ಣ ಮುಂದೆ ಕಾಣುವ ಜಾಗವಂತೆ ಅದು. ನಾನು ನನ್ನ ಹಣೆಬರಹ ಬೈದುಕೊಂಡೆ. ಎಂಜಿನ್ನಿಗೆ ಎಲ್ಲರಿಗಿಂತ ದೂರ ಕೂತವಳು ನಾನೇ ಆದೆ.

ರೈಲು ಹೊರಟಿತು. ಎದುರು ಕೂತಿದ್ದವರು ಒಮ್ಮೆಗೇ ನಕ್ಕರು, ಮಕ್ಕಳು ಕಿವಿ ಮುಚ್ಚಿಕೊಂಡವು. ಅದು ಕೂಗಿತೆಂದು ನನಗೆ ತಿಳಿದದ್ದು ಹಾಗೆ, ಅವರ ಮುಖ ನೋಡಿ.

"ಕೂಗ್ತಾ?" ಎಂದೆ ಓರಗಿತ್ತಿಯನ್ನು.

ಅವಳು ತಲೆಯಾಡಿಸಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅಡಿಕೆ ತೋಟ ಕಳೆದು, ಕಲ್ಲಾರ್ ಸ್ಟೇಷನ್ ಕಳೆದು, ಬೆಟ್ಟ ಶುರುವಾಯಿತು. ಅಲ್ಲಿಂದ ಎರಡು ಕಂಬಿಗಳ ನಡುವೆ ಹಲ್ಲು ಹಲ್ಲಾದ ಇನ್ನೊಂದು ಕಂಬಿ ಇರುತ್ತದೆ, ಎಂಜಿನ್ನಿನ ಚಕ್ರ ಅದನ್ನು ಕಚ್ಚಿ ಹಿಡಿದು ಏರುತ್ತದೆ. ಕಚ್ಚಿದ ಕೂಡಲೇ ನನಗೆ ಗೊತ್ತಾಯಿತು. ಕಿವಿಯಿಂದಲ್ಲ, ಅಂಗಾಲಿನಿಂದ. ಚಪ್ಪಲಿ ಬಿಟ್ಟು ಬರಿಗಾಲನ್ನು ಬೋಗಿಯ ನೆಲಕ್ಕೆ ಒತ್ತಿದೆ. ಅಕ್ಕಿ... ಬೇಳೆ... ಅಕ್ಕಿ... ಬೇಳೆ... ಮಂಡಿಯವರೆಗೆ ಬಂತು. ಬೆನ್ನು ಒರಗಿಸಿದರೆ ಬೆನ್ನಿಗೂ ಬಂತು. ಡಾಕ್ಟರು ಹೇಳಿದ ದಪ್ಪ ಸದ್ದು ಇದೇ ಇರಬೇಕು. ನನಗೆ ಬಹಳ ಸಂತೋಷವಾಯಿತು. ಕಣಿವೆ ಕೆಳಗೆ ಕೆಳಗೆ ಹೋಯಿತು, ಬಂಡೆಯಿಂದ ನೀರು ಸುರಿಯುವುದು ಕಂಡಿತು, ಸೇತುವೆ ದಾಟುವಾಗ ಕಾಲ ಕೆಳಗೆ ಬರೀ ಗಾಳಿ. ಸಂತೋಷವಾದರೂ ಹಠ ಬಿಡಲಿಲ್ಲ. ನಾನು ಬಂದದ್ದು ಅಕ್ಕಿಬೇಳೆಗಲ್ಲ, ಕೂಗಿಗೆ.

ಎಂಜಿನ್ನಿಗೆ ನೀರು ತುಂಬಿಸಲು ಹಿಲ್‌ಗ್ರೋವ್ ಎಂಬ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತದೆ. ಎಲ್ಲರೂ ಟೀ, ವಡೆ ಎಂದು ಇಳಿದರು. ನಾನು ಕೋತಿಗಳನ್ನು ದಾಟಿ ನೇರ ಹಿಂದಕ್ಕೆ, ಎಂಜಿನ್ನಿನ ಪಕ್ಕಕ್ಕೆ ಹೋಗಿ ನಿಂತೆ. ಇದು ಮ್ಯೂಸಿಯಮ್ಮಿನ ಎಂಜಿನ್ನಲ್ಲ. ಮುಖಕ್ಕೆ ಶಾಖ ಹೊಡೆಯಿತು, ಎಣ್ಣೆಯ ವಾಸನೆ, ಬಿಸಿ ಕಬ್ಬಿಣದ ವಾಸನೆ, ಅಡಿಯಿಂದ ಬಿಳಿ ಉಗಿ. ಈಗ ಕೂಗು, ಈಗ ಕೂಗು ಎಂದು ಕಾದೆ. ಅಷ್ಟರಲ್ಲಿ ಹಸಿರು ಬಾವುಟ ಹಿಡಿದವರೊಬ್ಬರು ಬಂದು ಬೋಗಿಯ ಕಡೆ ಕೈ ತೋರಿಸಿದರು. ನಾನು ಅಲ್ಲಾಡಲಿಲ್ಲ. ಅವರು ಮತ್ತೆ ಕೈ ತೋರಿಸಿದರು. ಓರಗಿತ್ತಿ ಓಡಿಬಂದು ನನ್ನ ತೋಳು ಹಿಡಿದಳು. ವಿಷಯ ಇಷ್ಟು: ಎಲ್ಲರೂ ಹತ್ತಿ ಕೂತ ಮೇಲೇ ಎಂಜಿನ್ ಕೂಗುವುದು. ನಾನು ಪಕ್ಕದಲ್ಲಿ ನಿಂತಿರುವ ತನಕ ಅದು ಕೂಗುವುದಿಲ್ಲ, ಅದು ಕೂಗುವ ಹೊತ್ತಿಗೆ ನಾನು ಮುಂದಿನ ಬೋಗಿಯಲ್ಲಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು.

ಹೋಗಿ ಕೂತೆ. ಮಕ್ಕಳು ಮತ್ತೆ ಕಿವಿ ಮುಚ್ಚಿಕೊಂಡವು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಏನೂ ಇಲ್ಲ.

"ಹೆಂಗಿತ್ತು?" ಎಂದು ಓರಗಿತ್ತಿಯನ್ನು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ತುಟಿ ಅಲ್ಲಾಡಿತು. ಈ ಒಂದು ಮಾತನ್ನು ಮಾತ್ರ ನಾನು ಕಿವಿ ಇಲ್ಲದೆಯೂ ಕೇಳಬಲ್ಲೆ.

"ಏನೂ ಇಲ್ಲ ಬುಡಿ ಅಕ್ಕ. ಸುಮ್ನೆ..."

"ಅನ್ಬೇಡ!" ಎಂದು ಕಿರುಚಿದೆ. ಇಡೀ ಬೋಗಿ ತಿರುಗಿ ನೋಡಿತು. "ಇನ್ನೊಂದ್ಸಲ ಆ ಮಾತು ಅನ್ಬೇಡ ನನ್ ಹತ್ರ. ಏನೂ ಇಲ್ದೇ ಆ ಮಕ್ಳು ಕಿವಿ ಮುಚ್ಕೊಂಡ್ವಾ? ದಿನಾ ನೀನು ಒಲೆ ಮುಂದೆ ನಿಂತು ಏನೇನೋ ಹೇಳ್ತಿರ್ತೀಯ. ನಂಗೆ ಒಂದೂ ಕೇಳಲ್ಲ ಕಣೇ. ಏನೂ ಇಲ್ಲ, ಏನೂ ಇಲ್ಲ ಅಂತ ಅಂದು ಅಂದು ನನ್ ಪಾಲಿಗೆ ನೀನೇ ಇಲ್ದಂಗಾಗ್ಬುಟ್ಟಿದೀಯ."

ಇದನ್ನು ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಹೇಳಿದ ಮೇಲೆ ನನಗೇ ಗೊತ್ತಾಯಿತು, ನನಗಿದ್ದ ಭಯ ಉಗಿಬಂಡಿಯದಲ್ಲ ಎಂದು. ಉಗಿಬಂಡಿ ಹೋದದ್ದು ಎಂದೋ ಹೋಯಿತು. ಈಗ ಹೋಗುತ್ತಿದ್ದವಳು ಇವಳು, ಪಕ್ಕದಲ್ಲೇ ಕೂತು ಹೋಗುತ್ತಿದ್ದಳು. ಅವಳು ತಲೆ ತಗ್ಗಿಸಿ ಆ ಹೂಬತ್ತಿಯ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತ ಕೂತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಆಗ ಸುರಂಗ ಬಂತು. ಈ ದಾರಿಯಲ್ಲಿ ಸುರಂಗಗಳು ಒಂದರ ಹಿಂದೆ ಒಂದು ಬರುತ್ತವೆ, ಕತ್ತಲಾದ ಕೂಡಲೇ ಬೋಗಿಯವರೆಲ್ಲ ಹೋ ಎಂದು ಕಿರುಚುವುದು ವಾಡಿಕೆ. ನನಗೆ ಅದು ದೂರದ ಸಂತೆಯ ಗದ್ದಲದ ಹಾಗೆ ಗುಜುಗುಜು ಎಂದಷ್ಟೇ ಕೇಳುತ್ತಿತ್ತು. ಕತ್ತಲೆಯಲ್ಲಿ ನನ್ನ ಕೆನ್ನೆಯನ್ನು ಯಾರೋ ಹಿಡಿದು ತಿರುಗಿಸಿದರು. ಕಿವಿಯ ಮೇಲೆ ಬಿಸಿ ಉಸಿರು ಬಿತ್ತು. ಆಮೇಲೆ ಕಿವಿಯೊಳಗೇ,

"ಕೂ... ಊ... ಊ..."

ಉದ್ದನೆಯ ಕೂಗು. ಮೊದಲು ಸಣ್ಣಗೆ ಎದ್ದು, ನಡುವೆ ಒಡೆದು, ಮತ್ತೆ ಮೇಲಕ್ಕೆ ಹೋಯಿತು. ಸುರಂಗ ಮುಗಿದು ಬೆಳಕಾಯಿತು. ಬೋಗಿಯವರೆಲ್ಲ ಕಿರುಚುವುದು ನಿಲ್ಲಿಸಿದ್ದರು. ಅವಳು ನಿಲ್ಲಿಸಿರಲಿಲ್ಲ. ಸೆರಗು ಜಾರಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಮುಚ್ಚಿ ಕೂಗುತ್ತಲೇ ಇದ್ದಳು. ಕಣ್ಣು ಬಿಟ್ಟು ಎಲ್ಲರೂ ನೋಡುತ್ತಿರುವುದನ್ನು ಕಂಡಳು. ಬಾಯಿಗೆ ಸೆರಗು ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ.

"ಹಿಂಗೆ ಕೂಗ್ತು ಅಕ್ಕಾ!" ಎಂದು ಕಿವಿಯ ಹತ್ತಿರ ಬಂದು ಅರಚಿದಳು. "ಶುರುನಲ್ಲಿ ಹಿಂಗೆ! ನೀರ್ ಕುಡಿದ್ಮೇಲೆ ಇನ್ನೂ ಜೋರಾಗಿ!"

ನನ್ನ ಹೊಟ್ಟೆಯೊಳಗೆ ಕಡಕೊಳದ ಬದುವಿನ ಮೇಲೆ ಏಳುತ್ತಿದ್ದದ್ದು ಎದ್ದು ನಿಂತಿತು. ಕಣ್ಣಲ್ಲಿ ನೀರು ತುಂಬಿ ಎದುರಿನ ಬೆಟ್ಟ ಕಾಣಲಿಲ್ಲ.

"ಜೋರಾಗಿ ಕೂಗಿದ್ದು ತೋರ್ಸು" ಎಂದೆ.

ತೋರಿಸಿದಳು. ಕೂನೂರು ಬರುವವರೆಗೆ ಎಂಜಿನ್ ಎಷ್ಟು ಸಲ ಕೂಗಿತೋ ಅಷ್ಟು ಸಲವೂ ತೋರಿಸಿದಳು. ಕೊನೆಕೊನೆಗೆ ಎದುರು ಸೀಟಿನ ಮಕ್ಕಳು ಎಂಜಿನ್ನನ್ನು ಬಿಟ್ಟು ಇವಳ ಕೂಗಿಗೆ ಕಿವಿ ಮುಚ್ಚಿಕೊಳ್ಳತೊಡಗಿದವು. ಕೂನೂರಿನಲ್ಲಿ ಡೀಸೆಲ್ ಎಂಜಿನ್ ಹಾಕಿದರು. ಅದರ ಹಾರ್ನ್ ಸದ್ದು ದಪ್ಪ, ನನಗೆ ಬರಿಗಿವಿಗೇ ಸ್ವಲ್ಪ ಕೇಳಿತು, ಇಷ್ಟವಾಗಲಿಲ್ಲ. ಊಟಿಯಲ್ಲಿ ಒಂದು ದಿನ ಉಳಿದು, ಕ್ಯಾರೆಟ್ ಕೊಂಡು, ಬಸ್ಸು ಹತ್ತಿ ಊರಿಗೆ ಬಂದೆವು.

ಎದುರು ಮನೆಯಾಕೆಗೆ ಅವರ ಹತ್ತಿ ಕೊಟ್ಟು ನಮ್ಮ ಚೀಲ ತಂದದ್ದಾಯಿತು. ಮಿಷನ್ ಮತ್ತೆ ಕಿವಿಯಲ್ಲಿದೆ. ಕಿವಿ ಇಳಿಯುವುದು ನಿಂತಿಲ್ಲ, ಮೊನ್ನೆ ಡಾಕ್ಟರು ಮಿಷನ್ನಿನ ಜೋರು ಇನ್ನಷ್ಟು ಹೆಚ್ಚಿಸಿಕೊಟ್ಟರು. ಮನೆಗೆ ಬಂದ ಹೊಸದರಲ್ಲಿ ಓರಗಿತ್ತಿಯ ದನಿ ಎರಡು ಮೂರು ಸಲ ಹಳೆಯ ಅಭ್ಯಾಸಕ್ಕೆ ತಗ್ಗಿತು. ನಾನು ಸೌಟು ಕೆಳಗಿಟ್ಟು "ಸುರಂಗ ಬಂತು" ಎಂದೆ. ಆಮೇಲೆ ತಗ್ಗಲಿಲ್ಲ.

ನಿನ್ನೆ ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತ ಕೂತಿದ್ದೆ. ಅವಳು ಒಲೆಯ ಮುಂದೆ ನಿಂತು ಅವಳ ತಮ್ಮನ ಮನೆಯ ಗೃಹಪ್ರವೇಶದ ಕಥೆಯನ್ನು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದಳು. ಬಾಗಿಲಲ್ಲಿ ಎದುರು ಮನೆಯಾಕೆ ಕಾಣಿಸಿಕೊಂಡರು. ಬತ್ತಿ ಹೊಸೆಯುತ್ತಿದ್ದ ಕೈ ಹಾಗೇ ಇತ್ತು, ಗಾಬರಿಯಿಂದ ಓಡಿಬಂದಿದ್ದರು.

"ಏನ್ರವ್ವಾ ಇದು, ಓರಗಿತ್ತೀರ ಜಗಳ? ಬೀದಿಗೆಲ್ಲಾ ಕೇಳ್ತಾ ಅದೆ!"

ಓರಗಿತ್ತಿ ಗಕ್ಕನೆ ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಏನೂ ಇಲ್ಲ ಬುಡಿ" ಎಂದು ನಾನು ಎದುರು ಮನೆಯಾಕೆಗೆ ಹೇಳಿ, ಇವಳ ಕಡೆ ತಿರುಗಿದೆ. "ಹೂಂ, ಆಮೇಲೆ?"